ಯಾರ ಪೈಕಿ?

ಮುರ್ಗಾಬಿನಲ್ಲಿ ಜೀಪಿಳಿದಾಗ ಮೂಗಿನಲ್ಲಿ ರಕ್ತ.
ಉಸಿರನ್ನೂ ಎಣಿಸಿ ಖರ್ಚು ಮಾಡಬೇಕಾದ ಎತ್ತರ.
ಆಸ್ಪತ್ರೆಯ ಬಾಗಿಲಲ್ಲಿ ಕಸಬರಿಗೆ ಹಿಡಿದ ಮುದುಕಿ,
ಹೆಸರು ತುರ್ದುಬುಬು, ದಾರಿ ಬಿಡಲಿಲ್ಲ.
ಯಾರ ಪೈಕಿ ನೀನು?

ಖೊರೋಗಿನವನು, ಕಂಪ್ಯೂಟರ್ ರಿಪೇರಿಯವನು, ಅಂದೆ.
ಅದಲ್ಲ ಕೇಳಿದ್ದು. ಯಾರ ಮಗ?
ನಜರ್‌ಖುದೋ ಮಗ.
ಅವನು?
ಅಜ್ಜನ ಹೆಸರಿಗೆ ಬಂದಾಗ ಮುಖದ ಗಂಟು ಬಿಚ್ಚಿತು:
ಹಿಟ್ಟಿನ ಲಾರಿಯ ಷೋನಜರ್!
ಘಾಟಿ ಮುಚ್ಚಿದ ವರ್ಷ ಎರಡು ಮೂಟೆ
ಲೆಕ್ಕದಾಚೆ ಇಳಿಸಿ ಹೋಗಿದ್ದ.
ಬಾ ಒಳಗೆ.
ಉಪ್ಪು ಹಾಕಿದ ಹಾಲಿನ ಚಹಾ ಬಂತು,
ಮೇಲೆ ಯಾಕ್ ಬೆಣ್ಣೆಯ ಹಳದಿ ಕಣ್ಣು.

ಒಳಕೋಣೆಯಲ್ಲಿ ರಕ್ತದ ಕಣ ಎಣಿಸುವ ಯಂತ್ರ,
ಯಾರೋ ದಾನ ಕೊಟ್ಟದ್ದು. ಪಕ್ಕದಲ್ಲಿ
ಏಳನೆಯ ವಿಂಡೋಸಿನ ಹಳೆಯ ಕಂಪ್ಯೂಟರ್,
ಹುಟ್ಟಿದಾರಭ್ಯ ನೆಟ್ಟಿನ ತಂತಿ ಮುಟ್ಟದ್ದು.
ಯಂತ್ರದ ಹೊಸ ಪ್ರೋಗ್ರಾಮು ರನ್‌ಟೈಮ್ ಬೇಕೆನ್ನುತ್ತದೆ.
ಹಾಗಂದರೇನು, ಕೇಳಿದಳು ನರ್ಸ್ ಬುರುಲ್,
ಒಲೆಗೆ ತೆರೆಸ್ಕೆನ್ ಗಿಡದ ಬೇರು ತುರುಕುತ್ತ.
ನೀನು ಮಾಡುತ್ತಿರುವುದೇ, ಅಂದೆ.
ಪ್ರೋಗ್ರಾಮು ಹಿಟ್ಟು ಕಟ್ಟಿಕೊಂಡು ಬರುತ್ತದೆ,
ಒಲೆ ಹೊತ್ತು ತರುವುದಿಲ್ಲ.

ಪೆನ್‌ಡ್ರೈವ್ ಚುಚ್ಚಿದೆ. ಆಗಲ್ಲ, ಎಂದಿತು.
ಮೂಲೆಯ ಗಡಿಯಾರ ನೋಡಿದರೆ ಎರಡು ಸಾವಿರದ ಒಂಬತ್ತು, ಜನವರಿ ಒಂದು.
ಗುಂಡಿಯಷ್ಟಗಲದ ಬ್ಯಾಟರಿ ಸತ್ತು
ದಿನಾ ಬೆಳಗ್ಗೆ ಅದೇ ಹೊಸವರ್ಷ.
ಸರಿಪಡಿಸಹೊರಟೆ. ಬುರುಲ್ ಕೈ ತಡೆದಳು:
ಯಾವ ಗಂಟೆ ಇಡುತ್ತೀ? ನಿಮ್ಮ ಖೊರೋಗಿನದೋ, ನಮ್ಮದೋ?
ಇಲ್ಲಿಯವರ ಗಡಿಯಾರ ಒಂದು ಗಂಟೆ ಮುಂದೆ.
ಅವರದನ್ನೇ ಇಟ್ಟೆ.

ಮತ್ತೆ ಚುಚ್ಚಿದೆ. ಪಟ್ಟಿ ಅರ್ಧ ಹಸಿರಾಗಿ ನಿಂತಿತು.
ಈ ಸಹಿಯ ಸರಪಳಿ
ನಂಬಿಕೆಯ ಯಾವ ಬೇರಿಗೂ ಮುಟ್ಟುತ್ತಿಲ್ಲ.
ಎರಡು ಸಲ ಓದಿದೆ.
ಸಹಿ ಹಾಕಿದವನಿಗೆ ಸಾಕ್ಷಿ ಯಾರು,
ಆ ಸಾಕ್ಷಿಗೆ ಸಾಕ್ಷಿ ಯಾರು...
ನಗು ಬಂತು. ಮುದುಕಿ ಪೊರಕೆ ಬಿಟ್ಟು ಇಲ್ಲಿ ಬಂದು ಕೂತಿದ್ದಾಳೆ!
ಹೊಸಬರ ಹೆಸರು ನೆಟ್ಟಿನಲ್ಲಿ ಊರೂರಿಗೆ ತಾನಾಗಿ ಹೋಗುತ್ತದಂತೆ.
ಈ ಊರಿಗೆ ಬಂದಿಲ್ಲ.

ಫೋನು ಮಾಡಿದೆ; ಮಾತಿಗಷ್ಟೇ ಸಿಗ್ನಲ್ಲು.
ಮವ್ಜುದಾ, ಬೇರಿನ ಪ್ರಮಾಣಪತ್ರ, ಹೌದು, ಅದೊಂದೇ,
ಎರಡು ಕಿಲೋಬೈಟು, ಸಾಲದೆ ಹೋದೀತೆಂದು ಪಕ್ಕದ್ದೂ ಹಾಕು.
ಬೆಟ್ಟ ಅಗೆದು ಇಲಿ ಹಿಡಿದವರನ್ನು ಕೇಳಿದ್ದೆ.
ಇಲಿಯೊಂದಕ್ಕೆ ಕೊಯ್‌ತೆಜೆಕ್ ಘಾಟಿ ಹತ್ತಿಸುವವನು
ನಾನೊಬ್ಬನೇ ಇರಬೇಕು.

ಎರಡು ದಿನ. ಗಾಳಿ, ಚಹಾ, ತಲೆನೋವು.
ಬುರುಲ್ ಕಿಟಕಿಗೆ ಸೂಕ್ಷ್ಮದರ್ಶಕ ಹಿಡಿದು
ಒಂದೊಂದೇ ಕಣ ಎಣಿಸಿ ನೋಟ್‌ಬುಕ್ಕಿಗಿಳಿಸುತ್ತಿದ್ದಳು,
ತುಟಿ ಅಲ್ಲಾಡುತ್ತಿತ್ತು, ನಡುವೆ ಮಾತಾಡಿಸಿದರೆ ಸಿಟ್ಟು.
ಅವಳಮ್ಮ ಕುರಿ ಎಣಿಸುವಾಗಲೂ ಹೀಗೇ ಅಂತೆ.

ಡ್ರೈವರ್ ಸಫರ್‌ಬೆಕ್ ಬಂದ. ಜೇಬು ತಡಕಿದ,
ಮತ್ತೆ ತಡಕಿದ; ನನ್ನ ಜೀವ ಬಾಯಿಗೆ ಬಂತು.
ಕೊನೆಗೆ ಟೋಪಿಯ ಮಡಿಕೆಯಿಂದ ತೆಗೆದುಕೊಟ್ಟ,
ಬೆಚ್ಚಗಿತ್ತು.

ಪರಿಚಯ ಮಾಡಿಸಿದೆ. ಇಂಥವರು, ಇಂಥ ಮನೆತನ, ನಂಬಬಹುದು.
ಹೌದು ಒತ್ತಿದೆ. ಪಟ್ಟಿ ತುಂಬಿತು. ಜನರೇಟರ್
ಒಮ್ಮೆ ಕೆಮ್ಮಿದಾಗ ಮೂವರೂ ಉಸಿರು ಹಿಡಿದೆವು.
ಮತ್ತೆ ಶುರು ಮಾಡು, ಎಂದಿತು. ಮಾಡಿದೆ.

ಮೊದಲ ರಕ್ತ ಯಾರದು ಅನ್ನುವಷ್ಟರಲ್ಲಿ
ತುರ್ದುಬುಬು ತೋಳು ಮಡಚಿ ಚಾಚಿದ್ದಳು.
ಯಂತ್ರ ಗುರುಗುಟ್ಟಿತು, ಅಂಕೆ ಬಂತು,
ಅಂಕೆಯ ಪಕ್ಕ ಕೆಂಪು ಬಾಣ: ಹಿಮೋಗ್ಲೋಬಿನ್ ಹೆಚ್ಚು. ತುಂಬಾ ಹೆಚ್ಚು.
ಮುದುಕಿ ಗಾಬರಿಯಾದಳು, ನಾನೂ.

ಬುರುಲ್ ಮಾತ್ರ ಪೆನ್ಸಿಲಿನಲ್ಲಿ ಪರದೆಯ ಬಾಣವನ್ನು ಕುಟ್ಟಿ
ಜೋರಾಗಿ ನಕ್ಕಳು:
ಇಲ್ಲಿ ಹುಟ್ಟಿದವರದ್ದೆಲ್ಲ ಇಷ್ಟೇ. ಗಾಳಿ ತೆಳು, ರಕ್ತ ಮಂದ.
ನಿನ್ನ ಯಂತ್ರಕ್ಕೆ ನಮ್ಮೂರಿನ ಎತ್ತರ ಗೊತ್ತಿಲ್ಲ.
ಅದಕ್ಕೂ ಇದೆಯಾ ಏನಾದರೂ,
ಟೋಪಿಯೊಳಗಿಟ್ಟು ತರಿಸುವಂಥದ್ದು?